ಬೇಸಿಗೆ ಮರೆತಿದ್ದ ಕಸಿಲ್ದಾ

ಕಸಿಲ್ದಾ ಲೂಕೆ ಊರಿಗೆ ವಾಪಸು ಬಂದಾಗ ಅವಳಿಗೆ ಅರವತ್ತು ದಾಟಿತ್ತು. ಹತ್ತೊಂಬತ್ತರ ಹುಡುಗಿಯಾಗಿ ನಮ್ಮೂರು ಪೋಸೋವೆರ್ದೆ ಬಿಟ್ಟವಳು, ಅಷ್ಟೂ ವರ್ಷ ಸ್ವಿಟ್ಜರ್ಲೆಂಡಿನ ಒಂದು ಪಟ್ಟಣದಲ್ಲಿ, ವೃದ್ಧಾಶ್ರಮವೊಂದರ ಬಟ್ಟೆ ಒಗೆಯುವ ಮನೆಯಲ್ಲಿ ದುಡಿದಿದ್ದಳು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, ಒಬ್ಬ ನನ್ನನ್ನು ಒಪ್ಪಿದ್ದ, ನಾನು ಒಪ್ಪಲಿಲ್ಲ; ಇನ್ನೊಬ್ಬನನ್ನು ನಾನು ಒಪ್ಪಿದ್ದೆ, ಅವನು ಒಪ್ಪಲಿಲ್ಲ, ಅಲ್ಲಿಗೆ ಸರಿಹೋಯಿತು ಎನ್ನುತ್ತಿದ್ದಳು. ನನ್ನ ನೂಲು-ಗುಂಡಿ ಅಂಗಡಿಯ ಮೇಲಿನ ಮನೆ ಖಾಲಿ ಇತ್ತು. ಚಳಿಗಾಲದ ಮೊದಲಲ್ಲಿ ಅಲ್ಲಿಗೆ ಬಂದಳು. ಹಾಗಾಗಿ ಕೆಳಗೆ ಕೂತೇ, ತಲೆಯ ಮೇಲೆ ಓಡಾಡುವ ಹೆಜ್ಜೆಯ ಸದ್ದಿನಿಂದ, ಅವಳ ದಿನಚರಿ ಪೂರ್ತಿ ನನಗೆ ಬಾಯಿಪಾಠವಾಗಿತ್ತು.

ದಿನಚರಿ ಎಂದರೆ ಅದು ದಿನಚರಿ. ಎದ್ದೊಡನೆ ಕಿಟಕಿಗಳನ್ನೆಲ್ಲ ಅಗಲಕ್ಕೆ ತೆರೆಯುವಳು. ಗಾಳಿ ಆಡಬೇಕು ಎಂಬುದು ಅವಳ ಮೊದಲ ನಿಯಮ. ಓಟ್ಸ್ ಗಂಜಿ ಕುಡಿದು, ಮನೆಗೆಲಸ ಮುಗಿಸಿ, ಹನ್ನೊಂದರ ಹೊತ್ತಿಗೆ ಹಿಮದ ಮೇಲೆ ಜಾರುವವರ ಬಳಿ ಇರುವಂಥ ಕೋಲನ್ನು ಎರಡೂ ಕೈಯಲ್ಲಿ ಒಂದೊಂದು ಹಿಡಿದು ಆಲಿವ್ ತೋಪಿನ ದಾರಿಯಲ್ಲಿ ಬಿರಬಿರನೆ ನಡೆಯುವಳು. ಹಿಂದಿರುಗಿ ಹಬೆಯಾಡುವ ಸೂಪು. ಮಧ್ಯಾಹ್ನವೆಲ್ಲ ಏನಾದರೊಂದು ಕೆಲಸ. ಹಗಲು ಹೊತ್ತು ಮಲಗಿದ್ದನ್ನು ಯಾರೂ ಕಂಡವರಿಲ್ಲ. ಆ ಕೋಲುಗಳನ್ನು ಮೊದಲ ಸಲ ನೋಡಿದಾಗ ಬೀದಿಯವರೆಲ್ಲ ನಕ್ಕರು. ಹಿಮ ಎಲ್ಲಿ ಬಿದ್ದಿದೆ ಎಂದು ಬ್ರೆಡ್ಡಿನ ಅಂಗಡಿಯವನು ಕೇಳಿದ. ಅವಳು ಬೇಸರಪಟ್ಟುಕೊಳ್ಳಲಿಲ್ಲ. ಮೊಣಕಾಲು ಉಳಿಯಬೇಕಾದರೆ ಬಾ, ನಿನಗೂ ಒಂದು ಜೊತೆ ತರಿಸಿಕೊಡುತ್ತೇನೆ ಎಂದಳಷ್ಟೆ.

ಬೀದಿಯ ನಗು ಆ ಚಳಿಗಾಲ ಮುಗಿಯುವುದರೊಳಗೆ ನಿಂತಿತ್ತು. ಮೊದಲು ಅವಳ ಜೊತೆ ಹೋದವಳು ಔರೆಯಾ. ಮಾಂಸದಂಗಡಿಯ ಯಜಮಾನನ ವಿಧವೆ, ದಪ್ಪಗಿನ, ನಗೆಮಾತಿನ ಹೆಂಗಸು. ಅವಳ ಮೊಣಕಾಲು ಎಷ್ಟು ಕೆಟ್ಟಿತ್ತೆಂದರೆ ಚರ್ಚಿನಲ್ಲಿ ಮಂಡಿಯೂರದಿರುವುದನ್ನು ದೇವರು ಮನ್ನಿಸಿದ್ದಾನೆ ಎಂದು ತಾನೇ ಹೇಳಿಕೊಂಡಿದ್ದಳು. ಫೆಬ್ರುವರಿಯ ಹೊತ್ತಿಗೆ ಅವಳು ತೋಪಿನ ತುದಿಯವರೆಗೂ ಹೋಗಿ ಬರುತ್ತಿದ್ದಳು. ಅದನ್ನು ನೋಡಿ ನಾನು ಹೋದೆ, ಇನ್ನೂ ಕೆಲವರು ಬಂದರು. ನಡೆದು ಬಂದ ಮೇಲೆ ಚೌಕದ ಬೆಂಚುಗಳನ್ನು ಹಿಡಿದುಕೊಂಡು ಕೈಕಾಲು ಆಡಿಸುವ ಕಸರತ್ತು. ಬೆನ್ನು ನೆಟ್ಟಗೆ, ಉಸಿರು ಮೂಗಿನಿಂದ ಎಂದು ಕಸಿಲ್ದಾ ಕೂಗುತ್ತಿದ್ದಳು. ಕೆಫೆಯ ಮುಂದೆ ಕೂತ ಗಂಡಸರು ನಮ್ಮನ್ನು ಪಟಾಲಮ್ಮು ಎಂದು ಕರೆದರು. ನಮಗೂ ಅದು ಹಿಡಿಸಿತು. ನಿಜ ಹೇಳಬೇಕೆಂದರೆ, ಆ ವರ್ಷ ನಾವೆಲ್ಲ ಚೆನ್ನಾಗಿ ನಿದ್ದೆ ಮಾಡಿದೆವು.

ಸೇರದಿದ್ದವಳು ಒಬ್ಬಳೇ, ಫ್ವೆನ್ಸಾಂತಾ. ಕಸಿಲ್ದಾಳ ಅಣ್ಣ ಹಸಿಂತೊ ಕಟ್ಟಿಕೊಂಡ ಹೆಂಡತಿ. ಹಸಿಂತೊ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ಮನೆ ನನ್ನ ಅಂಗಡಿಗೆ ಎದುರು, ಬೀದಿಯಲ್ಲೇ ಹಳೆಯದು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಅಂಚಿನಲ್ಲಿ ಬೆಕ್ಕು ಮರಿ ಹಾಕಿ ಸಾಕಬಹುದು. ಫ್ವೆನ್ಸಾಂತಾ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ನಮ್ಮ ಪಟಾಲಮ್ಮು ಹೊರಡುವುದನ್ನು ನೋಡುತ್ತಿದ್ದಳು. ಏನಾದರೂ ಒಂದು ಕೊಂಕು ಇದ್ದೇ ಇರುತ್ತಿತ್ತು. ಅತ್ತಿಗೆ ನಾದಿನಿಯರ ನಡುವೆ ಜಗಳವೇನೂ ಇರಲಿಲ್ಲ, ಆದರೆ ಒಬ್ಬರು ಉಪ್ಪು ಎಂದರೆ ಇನ್ನೊಬ್ಬರು ಸಕ್ಕರೆ ಎನ್ನುವ ರೂಢಿ ಮೊದಲಿನಿಂದಲೂ ಇತ್ತು.

ಮೇ ತಿಂಗಳಲ್ಲಿ ಊರಿನ ಹೆಂಗಸರೆಲ್ಲ ಗೋಡೆಗೆ ಸುಣ್ಣ ಬಳಿದೆವು. ಹುಲ್ಲು ಹೆಣೆದ ಪರದೆಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಬಿಸಿಲು ಬೀಳುವ ಕಿಟಕಿಗಳಿಗೆ ಕಟ್ಟಿದೆವು. ಮಣ್ಣಿನ ಹೂಜಿಗಳಿಗೆ ಮೊದಲ ನೀರು ತುಂಬಿ ಮಣ್ಣಿನ ವಾಸನೆ ಹೋಗಲೆಂದು ಬಿಟ್ಟೆವು. ಕಸಿಲ್ದಾ ಇದ್ಯಾವುದನ್ನೂ ಮಾಡಲಿಲ್ಲ. ಮೇಲಿನ ಮನೆಗೂ ಒಂದು ಪರದೆ ಕಟ್ಟಿಸಲೇ ಎಂದು ನಾನು ಕೇಳಿದ್ದಕ್ಕೆ, ಕತ್ತಲಲ್ಲಿ ಬದುಕುವುದಕ್ಕೆ ನಾನೇನು ಹೆಗ್ಗಣವೇ ಎಂದಳು. ಅವಳ ಮನೆ ತಾರಸಿಯ ಕೆಳಗೇ ಇತ್ತು, ಕಿಟಕಿಗಳು ಪಡುವಣಕ್ಕೆ.

ಜೂನ್ ಅರ್ಧ ಕಳೆಯುವುದರೊಳಗೆ ಹೊಲಗಳೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದವು. ಹನ್ನೊಂದು ಗಂಟೆಗೆ ಚೌಕದ ಬೆಂಚು ಮುಟ್ಟಿದರೆ ಕೈ ಚುರುಕ್ಕೆನ್ನುತ್ತಿತ್ತು. ನಡಿಗೆಗೆ ಬರುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಒಬ್ಬಳಿಗೆ ಮೊಮ್ಮಗಳ ನೆಪ, ಒಬ್ಬಳಿಗೆ ತಲೆನೋವು, ನನಗೆ ಅಂಗಡಿ. ಕೊನೆಗೆ ಔರೆಯಾ ಒಬ್ಬಳು ಉಳಿದಳು. ಅವಳೂ ಒಂದು ದಿನ ಅರ್ಧ ದಾರಿಯಲ್ಲಿ ಮರದ ಕೆಳಗೆ ಕುಸಿದು ಕೂತು, ಕಸಿಲ್ದಾ, ನನ್ನ ಕೊಬ್ಬು ಕರಗಿ ಆಲಿವ್ ಎಣ್ಣೆಗೆ ಸೇರುವ ಮೊದಲು ಮನೆಗೆ ಬಿಟ್ಟುಬಿಡು ಎಂದು ಬೇಡಿಕೊಂಡಳು. ಮಾರನೆಯ ದಿನದಿಂದ ಅವಳೂ ಬರಲಿಲ್ಲ.

ಕಸಿಲ್ದಾಳಿಗೆ ಇದು ತುಂಬ ನೋವು ಮಾಡಿತು. ನಮ್ಮಿಂದ ಅವಳು ಇದನ್ನು ನಿರೀಕ್ಷಿಸಿರಲಿಲ್ಲ. ಆ ಸಂಜೆ ಬೀದಿಯಲ್ಲಿ ಕುರ್ಚಿ ಹಾಕಿ ಕೂತಿದ್ದಾಗ ಮಾತು ಅಲ್ಲಿಗೇ ಬಂತು.

"ಸೆಪ್ಟೆಂಬರ್‌ವರೆಗೂ ಬಿಟ್ಟುಬಿಡು ಕಣೇ ಅದನ್ನ," ಎಂದಳು ಫ್ವೆನ್ಸಾಂತಾ, ಬೀಸಣಿಗೆ ಆಡಿಸುತ್ತಲೇ. "ಬಿಸಿಲು ಇಳಿದ್ಮೇಲೆ ಎಷ್ಟ್ ಬೇಕಾದ್ರೂ ಕುಣೀರಿ."

"ಮೂರು ತಿಂಗ್ಳು ಸುಮ್ನೆ ಕೂತ್ರೆ, ಆರು ತಿಂಗ್ಳು ಮಾಡಿದ್ದೆಲ್ಲ ನೀರಲ್ಲಿ ಹೋಮ ಆಗತ್ತೆ ಅತ್ತಿಗೆ. ದೇಹಕ್ಕೆ ರಜಾ ಅಂತ ಇರಲ್ಲ."

"ನಿನ್ನ ದೇಹಕ್ಕೆ ಇಲ್ದೇ ಇರಬೋದು. ನಮ್ಮ ಊರಿನ ಸೂರ್ಯಂಗೆ ಅದು ಗೊತ್ತಿಲ್ವಲ್ಲ."

"ಇಲ್ಲಿ ಎಲ್ಲಾರ್ಗೂ ಒಂದು ನೆಪ ಸಿಕ್ರೆ ಸಾಕು, ಮಲಗ್ಬಿಡ್ತೀರ," ಎಂದಳು ಕಸಿಲ್ದಾ. ದನಿ ಎತ್ತಿರಲಿಲ್ಲ, ಆದರೂ ಆ ಮಾತಿಗೆ ಎಲ್ಲರ ಬೀಸಣಿಗೆಗಳೂ ಒಂದು ಗಳಿಗೆ ನಿಂತವು. ಫ್ವೆನ್ಸಾಂತಾ ಕುರ್ಚಿ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಎಷ್ಟೋ ದಿನ ಅವರಿಬ್ಬರ ನಡುವೆ ಬರೀ ಶುಭದಿನ, ಶುಭರಾತ್ರಿ.

ಕಸಿಲ್ದಾ ಒಬ್ಬಳೇ ನಡೆಯತೊಡಗಿದಳು. ಹನ್ನೊಂದಕ್ಕೆ ಕೋಲುಗಳ ಟಕಟಕ ಮೆಟ್ಟಿಲಿಳಿಯುತ್ತಿತ್ತು, ಮಧ್ಯಾಹ್ನಕ್ಕೆ ವಾಪಸು ಹತ್ತುತ್ತಿತ್ತು. ಹತ್ತುವ ಸದ್ದು ದಿನದಿಂದ ದಿನಕ್ಕೆ ನಿಧಾನವಾಗುತ್ತಿದೆ ಎನ್ನಿಸಿತು. ನಾನು ತಣ್ಣನೆಯ ಗಸ್ಪಾಚೊ ಮಾಡಿದಾಗ ಒಂದು ಬಟ್ಟಲು ಮೇಲಕ್ಕೆ ಕೊಂಡುಹೋಗುತ್ತಿದ್ದೆ. ಟೊಮೆಟೊ, ಸೌತೆಕಾಯಿ, ಬೆಳ್ಳುಳ್ಳಿಯನ್ನು ಹಳೆಯ ಬ್ರೆಡ್ಡಿನ ಜೊತೆ ಅರೆದರೆ ಬೇಸಿಗೆಯಲ್ಲಿ ಅದೇ ಊಟ, ಅದೇ ಪಾನಕ. ಅವಳು ತೆಗೆದುಕೊಳ್ಳುತ್ತಿದ್ದಳು, ಆದರೆ ಹೊಟ್ಟೆಗೆ ಬಿಸಿ ಬೀಳದಿದ್ದರೆ ಊಟವಾದಂತೆ ಆಗುವುದಿಲ್ಲ ಎಂದು ಸೂಪನ್ನೂ ಕುಡಿಯುತ್ತಿದ್ದಳು. ಅವಳ ಮನೆಯ ಕಿಟಕಿಗಳು ಹಗಲಿಡೀ ತೆರೆದಿರುತ್ತಿದ್ದವು. ಬಾಗಿಲು ತೆಗೆದರೆ ಬ್ರೆಡ್ಡಿನ ಒಲೆಯ ಮುಂದೆ ನಿಂತ ಹಾಗೆ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಗಾಳಿ ಬರಲಿ ಎಂದು ತೆಗೆದಿದ್ದೇನೆ ಎನ್ನುತ್ತಿದ್ದಳು. ಬರುತ್ತಿದ್ದದ್ದು ಗಾಳಿಯಲ್ಲ, ಬೀದಿಯ ಬೆಂಕಿ.

ಜುಲೈನಲ್ಲಿ ಆಫ್ರಿಕಾದ ಕಡೆಯಿಂದ ಧೂಳು ಹೊತ್ತ ಬಿಸಿ ಗಾಳಿ ಬೀಸಿತು. ಆಕಾಶ ಹಳದಿಯಾಯಿತು. ರೇಡಿಯೋದಲ್ಲಿ ಕೆಂಪು ಎಚ್ಚರಿಕೆ ಕೊಟ್ಟರು. ಮಧ್ಯಾಹ್ನ ಯಾರೂ ಹೊರಗೆ ಬರಬೇಡಿ ಎಂದರು. ಬರುವವರು ಯಾರಿದ್ದರು? ಊಟವಾದೊಡನೆ ಬೀದಿಗೆ ಬೀದಿಯೇ ಪರದೆ ಎಳೆದುಕೊಂಡು ಮಲಗುತ್ತಿತ್ತು. ನಾನೂ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಚಾಪೆಯ ಮೇಲೆ ಮೈಚಾಚುತ್ತಿದ್ದೆ. ಕಾರ್ಮೆನ್ ಮಾತೆಯ ಹಬ್ಬ ಹತ್ತಿರವಾಗಿತ್ತು. ಚರ್ಚಿನ ಬಟ್ಟೆಗಳನ್ನು ಇಸ್ತ್ರಿ ಮಾಡಿಕೊಡುತ್ತೇನೆಂದು ಕಸಿಲ್ದಾ ಪಾದ್ರಿಗಳಿಗೆ ಮಾತು ಕೊಟ್ಟಿದ್ದಳು. ಅಂಥ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ನಾಲ್ಕು ಗಂಟೆಯ ಹೊತ್ತಿಗೆ, ಎಲ್ಲರೂ ಮಲಗಿದ್ದಾಗ, ಮೇಲೆ ಇಸ್ತ್ರಿ ಮೇಜು ಕಿರಿಗುಡುತ್ತಿದ್ದದ್ದು ನನಗೆ ಜೊಂಪಿನಲ್ಲೇ ಕೇಳುತ್ತಿತ್ತು. ಯಾವಾಗಲೋ ಅದು ನಿಂತಿತು. ಸದ್ಯ, ಮಲಗಿದಳಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೂಗಿಗೆ ಸುಟ್ಟ ಬಟ್ಟೆಯ ವಾಸನೆ ಬಡಿಯಿತು.

ಓಡಿದೆ. ಬಾಗಿಲು ತೆರೆದೇ ಇತ್ತು. ಇಸ್ತ್ರಿ ಪೆಟ್ಟಿಗೆ ಬಲಿಪೀಠದ ಬಿಳಿ ಬಟ್ಟೆಯ ಮೇಲೆ ಕೂತು ಹೊಗೆಯಾಡುತ್ತಿತ್ತು. ಕಸಿಲ್ದಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ಮುಖ ಕೆಂಪೇರಿತ್ತು. ಕೆನ್ನೆ ಮುಟ್ಟಿದೆ, ಕಾದ ಹೆಂಚು. ಒಂದು ಹನಿ ಬೆವರಿಲ್ಲ. ನಾನು ಒಬ್ದುಲಿಯಾ, ನಿನ್ನ ಕೆಳಗಿನ ಮನೆಯವಳು ಎಂದೆ. ಅವಳು ನನ್ನನ್ನು ನೋಡಿ ಗಡಿಬಿಡಿಯಿಂದ ಏನೋ ಹೇಳತೊಡಗಿದಳು. ಒಂದು ಅಕ್ಷರವೂ ತಿಳಿಯಲಿಲ್ಲ. ಅವಳು ಮಾತಾಡುತ್ತಿದ್ದದ್ದು ಜರ್ಮನ್.

ಇಸ್ತ್ರಿಯ ಪ್ಲಗ್ಗು ಕಿತ್ತು, ಕಿಟಕಿಗೆ ಬಂದು ಫ್ವೆನ್ಸಾಂತಾಳನ್ನು ಕೂಗಿದೆ. ಎದುರು ಮನೆಯ ಪರದೆ ಅಲ್ಲಾಡಿತು. ಅವಳು ಒಳಲಂಗದಲ್ಲೇ, ಬರಿಗಾಲಲ್ಲಿ, ಕಾದ ಕಲ್ಲಿನ ಬೀದಿ ದಾಟಿ ಬಂದಳು. ಕೈಯಲ್ಲಿ ನೀರಿನ ಹೂಜಿ. ಅವಳು ಬರುವಷ್ಟರಲ್ಲಿ ನಾನು ಆಂಬುಲೆನ್ಸಿಗೆ ಫೋನು ಮಾಡಿದ್ದೆ. ಇಬ್ಬರೂ ಸೇರಿ ಕಸಿಲ್ದಾಳನ್ನು ಹೇಗೋ ಕೆಳಗಿಳಿಸಿ ನನ್ನ ಹಿಂಬದಿಯ ಕೋಣೆಯ ತಂಪು ನೆಲದ ಮೇಲೆ ಮಲಗಿಸಿದೆವು. ಫ್ವೆನ್ಸಾಂತಾ ಹಾಸಿಗೆಯ ಬಟ್ಟೆಯನ್ನು ನೀರಲ್ಲಿ ಅದ್ದಿ ಮೈಗೆಲ್ಲ ಸುತ್ತಿದಳು. ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಒತ್ತಿ, ನನಗೆ ಬೀಸಣಿಗೆ ಕೊಟ್ಟು ಬೀಸು ಎಂದಳು. ಬಾಯಿಗೆ ನೀರು ಹಾಕಲೇ ಎಂದು ಕೇಳಿದೆ. ಬೇಡ, ಬುದ್ಧಿ ನೆಟ್ಟಗಿಲ್ಲದವಳಿಗೆ ನೀರು ಹಾಕಿದರೆ ಉಸಿರಿಗೆ ಸಿಕ್ಕಿಕೊಂಡೀತು ಎಂದಳು. ಕಸಿಲ್ದಾ ಅದೇ ಒಂದು ವಾಕ್ಯವನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. ಬೇಡಿಕೊಳ್ಳುವ ದನಿ. ಫ್ವೆನ್ಸಾಂತಾ ಅವಳ ಹಣೆ ಒರೆಸುತ್ತ, ಆಯ್ತು ಕಣೇ, ಆಯ್ತು, ಎಂದು ಅರ್ಥವಾದವಳಂತೆ ಉತ್ತರ ಕೊಡುತ್ತಿದ್ದಳು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಇನ್ನು ಸ್ವಲ್ಪ ತಡವಾಗಿದ್ದರೆ ಮೂತ್ರಪಿಂಡ ಕೈಕೊಡುತ್ತಿತ್ತು ಎಂದರಂತೆ. ಊರಿನ ಆರೋಗ್ಯ ಕೇಂದ್ರದ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ಕಸಿಲ್ದಾ ನುಂಗುತ್ತಿದ್ದ ಮಾತ್ರೆಗಳನ್ನೆಲ್ಲ ತರಿಸಿ ನೋಡಿದರು. ರಕ್ತದೊತ್ತಡಕ್ಕೆಂದು ಆ ತಣ್ಣನೆಯ ದೇಶದಲ್ಲಿ ಕೊಟ್ಟ ಮಾತ್ರೆ ಮೈಯ ನೀರನ್ನು ಹೊರಗೆ ಹಾಕುವಂಥದ್ದು. ಇಲ್ಲಿಯ ಬಿಸಿಲಿನಲ್ಲಿ ನಡೆದು ಬೆವರಿ, ಮೇಲೆ ಅದನ್ನೂ ನುಂಗಿ, ಮೈಯಲ್ಲಿ ನೀರೇ ಉಳಿದಿರಲಿಲ್ಲ. ಡಾಕ್ಟರಮ್ಮ ಅದರ ಪ್ರಮಾಣ ಇಳಿಸಿದರು. ನೀವಾಗಿ ಏನನ್ನೂ ನಿಲ್ಲಿಸಬೇಡಿ, ಆದರೆ ಮೇ ತಿಂಗಳಲ್ಲೊಮ್ಮೆ ಬಂದು ನನ್ನನ್ನು ಕೇಳಿ ಎಂದರು. ನಡಿಗೆಯ ಬಗ್ಗೆ ಕೇಳಿದ್ದಕ್ಕೆ, ನಡಿಗೆ ಬಿಡಿ ಎಂದು ನಾನು ಯಾಕೆ ಹೇಳಲಿ, ಹೊತ್ತು ಬದಲಿಸಿ ಎಂದರಷ್ಟೆ.

ನನ್ನ ಮೇಲಿನ ಮನೆಗೆ ಅವಳನ್ನು ಕಳುಹಿಸಲು ಫ್ವೆನ್ಸಾಂತಾ ಒಪ್ಪಲಿಲ್ಲ. ಹಿಂದೆ ನಮ್ಮ ಕಡೆ ದೊಡ್ಡ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಮಂಚಗಳೆಲ್ಲ ಕೆಳಗಿಳಿಯುತ್ತಿದ್ದವು, ಚಳಿಗಾಲಕ್ಕೆ ಮತ್ತೆ ಮೇಲಕ್ಕೆ. ನಮ್ಮಜ್ಜಿ ಕಾಲದಲ್ಲಿ ಮಂಚಕ್ಕೇ ಗೊತ್ತಿತ್ತು ಯಾವಾಗ ಇಳೀಬೇಕು ಅಂತ, ಎಂದು ಗೊಣಗುತ್ತ ಅವಳು ತನ್ನ ಮನೆಯ ಒಳಕೋಣೆಯಲ್ಲಿ ನಾದಿನಿಗೆ ಹಾಸಿಗೆ ಹಾಕಿಸಿದಳು. ಅಂಗಳದ ಪಕ್ಕದ ಕೋಣೆ. ಬೆಳಗಿನ ಜಾವ ಕಿಟಕಿ ತೆಗೆದು ತಂಪನ್ನು ಒಳಗೆ ಬಿಟ್ಟುಕೊಂಡು, ಬಿಸಿಲು ಬೀದಿಗೆ ಬೀಳುವ ಮೊದಲೇ ಎಲ್ಲವನ್ನೂ ಮುಚ್ಚಿದರೆ ಸಂಜೆಯವರೆಗೂ ಅಲ್ಲಿ ಬಾವಿಯೊಳಗಿನ ತಂಪು.

ಕಸಿಲ್ದಾ ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಗಸ್ಪಾಚೊ ಕುಡಿದಳು, ಹೂಜಿಯ ನೀರು ಕುಡಿದಳು, ಕಿಟಕಿ ಮುಚ್ಚಿದ್ದಕ್ಕೆ ಸೊಲ್ಲೆತ್ತಲಿಲ್ಲ. ಆದರೆ ಮಧ್ಯಾಹ್ನ ಮಾತ್ರ ಮಲಗಲಿಲ್ಲ. ಮಂಚದ ಅಂಚಿನಲ್ಲಿ ಕೈ ಕಟ್ಟಿಕೊಂಡು ಕೂತಿರುತ್ತಿದ್ದಳು, ರೈಲಿಗೆ ಕಾದಿರುವವಳ ಹಾಗೆ. ಮೊದಲ ದಿನ, ಎರಡನೆಯ ದಿನ ಫ್ವೆನ್ಸಾಂತಾ ನೋಡಿದಳು. ಆಮೇಲೆ ತಡೆಯಲಾರದೆ ಒಳಗೆ ಹೋಗಿ ಪಕ್ಕದಲ್ಲಿ ಕೂತಳು. ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಚರ್ಚಿಗೆ ಕೊಡಲು ಹೊಸ ಬಟ್ಟೆಗೆ ಅಂಚು ಹೊಲಿಯುತ್ತ ಬಾಗಿಲ ಬಳಿ, ಪರದೆಯ ಸಂದಿಯಿಂದ ಬೀಳುವ ಬೆಳಕಿನಲ್ಲಿ.

"ಮಲ್ಕೋ ಅಂದ್ರೆ ಯಾಕೆ ಹಿಂಗೆ ಕೂತ್ಕೋತೀಯ?" ಎಂದಳು ಫ್ವೆನ್ಸಾಂತಾ. "ಹಾಸಿಗೇಲಿ ಮುಳ್ಳಿದ್ಯಾ?"

ಕಸಿಲ್ದಾ ನಿಧಾನವಾಗಿ ಶುರುಮಾಡಿದಳು. ಸ್ವಿಟ್ಜರ್ಲೆಂಡಿಗೆ ಹೋದ ಮೊದಲ ಬೇಸಿಗೆ. ಇಪ್ಪತ್ತು ವರ್ಷದ ಹುಡುಗಿ, ಭಾಷೆ ಬಾರದು. ಊಟದ ಬಿಡುವಿನಲ್ಲಿ, ಆಗತಾನೆ ಒಣಗಿ ಬಂದ ಬೆಚ್ಚನೆಯ ಬಟ್ಟೆಯ ರಾಶಿಗೆ ತಲೆಯಿಟ್ಟವಳಿಗೆ ಕಣ್ಣು ಹತ್ತಿತು. ಬಿಡುವಿನ್ನೂ ಮುಗಿದಿರಲಿಲ್ಲ. ಮೇಲ್ವಿಚಾರಕಿ ಅವಳನ್ನು ಎಬ್ಬಿಸಲಿಲ್ಲ. ಬದಲಿಗೆ ಉಳಿದ ಹುಡುಗಿಯರನ್ನೆಲ್ಲ ಕರೆತಂದು ಸುತ್ತ ನಿಲ್ಲಿಸಿದಳು. ಕಣ್ಣು ಬಿಟ್ಟಾಗ ಎಲ್ಲರೂ ನಗುತ್ತಿದ್ದರು. ತೆಂಕಣದವರು ಹೀಗೆಯೇ ಬದುಕುವುದು, ನೋಡಿಕೊಳ್ಳಿ ಎಂದಳಂತೆ ಆಕೆ. ಆ ಮಾತಿನ ಅರ್ಥ ತಿಳಿಯಲು ಕಸಿಲ್ದಾಳಿಗೆ ಕೆಲವು ತಿಂಗಳು ಬೇಕಾಯಿತು, ಆದರೆ ಆ ನಗುವಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಅಲ್ಲಿಂದ ಮುಂದೆ ಜ್ವರ ಬಂದಾಗಲೂ ಅವಳು ಹಗಲು ಹೊತ್ತು ರೆಪ್ಪೆ ಮುಚ್ಚಲಿಲ್ಲ.

"ಅವತ್ತು ಮೇಲಿನ ಮನೇಲಿ ನಾನು ಏನೋ ಹೇಳ್ತಿದ್ನಂತಲ್ಲ, ಒಬ್ದುಲಿಯಾ ಹೇಳಿದ್ಲು," ಎಂದಳು. "ನಂಗೆ ನೆನಪಿಲ್ಲ. ಆದ್ರೆ ಏನಂತ ಗೊತ್ತು. ನಾನು ಮಲಗಿರ್ಲಿಲ್ಲ ಮೇಡಂ, ಕೆಲ್ಸ ಮಾಡ್ತಿದ್ದೆ. ಅದೇ ಇರತ್ತೆ. ಕನಸಲ್ಲೂ ಅದೇ ಹೇಳ್ತೀನಿ."

ಫ್ವೆನ್ಸಾಂತಾ ಬೀಸಣಿಗೆ ಮಡಚಿ ತೊಡೆಯ ಮೇಲಿಟ್ಟಳು.

"ನಿಮ್ಮಣ್ಣ ಇನ್ನೂ ಕತ್ತಲಿರೋವಾಗ್ಲೇ ತೋಪಿಗೆ ಹೋಗ್ತಿದ್ದ," ಎಂದಳು. "ಮಧ್ಯಾಹ್ನ ಬಂದು ಇದೇ ಮಂಚದ ಮೇಲೆ ಬೀಳ್ತಿದ್ದ. ಬಿಸಿಲು ಇಳಿದ್ಮೇಲೆ ಮತ್ತೆ ಹೋಗ್ತಿದ್ದ, ಕತ್ಲಾಗೋವರ್ಗೂ. ದಿನಕ್ಕೆ ಎರಡು ದಿನದ ಕೆಲ್ಸ ಮಾಡ್ತಿದ್ದ ಕಣೇ. ನಡುವೆ ಮಲಗ್ತಿದ್ದದ್ದು ಆ ಎರಡನೇ ದಿನಕ್ಕೆ ಬೇಕು ಅಂತ. ಅವನ್ನ ಸೋಮಾರಿ ಅಂತ ಯಾರಾದ್ರೂ ಅಂದಿದ್ರೆ ಅವ್ರ ತಲೆ ಮೇಲೆ ಈ ಹೂಜಿ ಒಡೀತಿದ್ದೆ ನಾನು."

ಕಸಿಲ್ದಾ ಆ ಮಂಚವನ್ನು ಕೈಯಿಂದ ಒಮ್ಮೆ ಸವರಿದಳು. ಆಮೇಲೆ ಚಪ್ಪಲಿ ಬಿಚ್ಚಿ ಒಂದರ ಪಕ್ಕ ಒಂದು ಇಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾವಿಬ್ಬರೂ ಸದ್ದಿಲ್ಲದೆ ಹೊರಗೆ ಬಂದೆವು. ಆ ದಿನ ಅವಳು ನಿದ್ದೆ ಮಾಡಿದಳೋ ಇಲ್ಲವೋ ಗೊತ್ತಿಲ್ಲ. ಒಂದೆರಡು ವಾರ ಕಳೆದ ಮೇಲೆ ಮಾತ್ರ ಗೊರಕೆ ಅಂಗಳದವರೆಗೂ ಕೇಳತೊಡಗಿತು. ಇನ್ನು ಚರ್ಚಿನ ಗಂಟೆ ಹೊಡೆಯುವವನಿಗೆ ಕೊಡುವ ಸಂಬಳ ದಂಡ ಎಂದು ಔರೆಯಾ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಒಂದೇ ಮನೆಯಲ್ಲಿ ಇರತೊಡಗಿದ ಮೇಲೆ ಕಸಿಲ್ದಾಳ ಕಣ್ಣಿಗೂ ಕೆಲವು ಸಂಗತಿಗಳು ಬಿದ್ದವು. ಮುದುಕರ ಮಧ್ಯೆ ಬದುಕು ಕಳೆದವಳಲ್ಲವೇ. ಬೇಸಿಗೆಯನ್ನು ಅರೆದು ಕುಡಿದಂತೆ ಮಾತಾಡುವ ಫ್ವೆನ್ಸಾಂತಾ ದಿನವಿಡೀ ನೀರನ್ನೇ ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಕಾಫಿ, ಊಟಕ್ಕೆ ಒಂದು ಲೋಟ ಬಿಯರು, ಅಷ್ಟೆ. ಹೂಜಿ ಬಂದವರಿಗೆ ಕೊಡಲು. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಕಾಲು ನೋಯುತ್ತದೆ, ಅದು ಅವಳ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳು ಕತ್ತಲ ಕೋಣೆಯಿಂದ ಬಾಗಿಲ ಕುರ್ಚಿಗೆ, ಕುರ್ಚಿಯಿಂದ ಕೋಣೆಗೆ. ಬೇಸಿಗೆ ಮುಗಿಯುವ ಹೊತ್ತಿಗೆ ಪಾದಗಳು ಉಬ್ಬಿ, ಚರ್ಚಿನ ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕಾಗುತ್ತಿತ್ತು. ವಯಸ್ಸಾಯಿತು ಎಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಒಂದು ಸಂಜೆ ಕಸಿಲ್ದಾ ಅವಳ ಕಾಲ ಬುಡದಲ್ಲಿ ಕೂತು ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಹಾಗೇ ಉಳಿಯಿತು.

"ಇದನ್ನ ಡಾಕ್ಟರಮ್ಮಂಗೆ ತೋರಿಸ್ಬೇಕು ಅತ್ತಿಗೆ. ಅದಾದ್ಮೇಲೆ ಈ ಕಾಲು ನಂಗೆ ಬಿಡಿ."

"ನನ್ನ ಕಾಲು ನಾನು ಹುಟ್ಟಿದಾಗಿಂದ ನಂಗೇ ಇದೆ, ಹಂಗೇ ಇರ್ಲಿ."

"ನಾನು ಮಧ್ಯಾಹ್ನ ಮಲಗ್ಬೇಕು ಅಂದ್ರೆ ನೀವು ಸಂಜೆ ಹಿಮ್ಮಡಿ ಎತ್ಬೇಕು. ಇಲ್ಲಾಂದ್ರೆ ನಾಳೆಯಿಂದ ನಾನು ಕೂತೇ ಇರ್ತೀನಿ, ನೀವೂ ನಿದ್ದೆ ಕೆಡಿಸ್ಕೊಂಡು ನನ್ನ ಕಾಯ್ತಾ ಕೂತಿರಿ."

ಫ್ವೆನ್ಸಾಂತಾ ಅವಳನ್ನು ದುರುಗುಟ್ಟಿ ನೋಡಿದಳು. ಸ್ವಿಸ್ ದೇಶದವರು ವ್ಯಾಪಾರ ಚೆನ್ನಾಗಿ ಕಲಿಸಿದ್ದಾರೆ ಎಂದು ನನ್ನ ಕಡೆ ತಿರುಗಿ ಹೇಳಿದಳು. ಡಾಕ್ಟರಮ್ಮ ಹೃದಯವನ್ನು ಪರೀಕ್ಷಿಸಿ, ದೊಡ್ಡ ಭಯವಿಲ್ಲ, ಆದರೆ ನೀರು ಕುಡಿಯಬೇಕು, ಕಾಲು ಆಡಬೇಕು, ಕೂತಾಗ ಎತ್ತರಕ್ಕೆ ಇಡಬೇಕು ಎಂದರು. ಅವತ್ತಿನಿಂದ ಸಂಜೆ, ಅಂಗಳಕ್ಕೆ ನೀರು ಹಾಕಿ ಮಲ್ಲಿಗೆ ಕುಂಡಗಳಿಂದ ತಂಪು ಏಳುವಾಗ, ಫ್ವೆನ್ಸಾಂತಾ ಕುರ್ಚಿಯ ಬೆನ್ನು ಹಿಡಿದು ನಿಂತು ಹಿಮ್ಮಡಿ ಎತ್ತುವಳು, ಇಳಿಸುವಳು. ಬೈಗುಳಕ್ಕೆ ಬಿಡುವಿರಲಿಲ್ಲ. ಬೈಯುವಾಗ ಉಸಿರು ಚೆನ್ನಾಗಿ ಆಡುತ್ತದೆ, ಬೈಯಿರಿ ಅತ್ತಿಗೆ, ಎನ್ನುತ್ತಿದ್ದಳು ಕಸಿಲ್ದಾ.

ಆಗಸ್ಟ್ ಕೊನೆಯಲ್ಲಿ ಡಾಕ್ಟರಮ್ಮ ಹೂಂ ಎಂದ ಮೇಲೆ ಕಸಿಲ್ದಾ ಮತ್ತೆ ಕೋಲು ಹಿಡಿದಳು. ಈ ಸಲ ಹೊರಟದ್ದು ಬೀದಿ ದೀಪಗಳು ಆರುವ ಮೊದಲು. ತೋಪಿನ ಬೋಳು ದಾರಿಯಲ್ಲಲ್ಲ, ಹೆನಿಲ್ ನದಿಯ ದಡದಲ್ಲಿ, ಪಾಪ್ಲರ್ ಮರಗಳ ಕೆಳಗೆ. ನಾನೂ ಔರೆಯಾಳೂ ಜೊತೆಗೆ ಹೋದೆವು. ನೀರಿನ ಮೇಲೆ ತೆಳ್ಳಗೆ ಮಂಜು. ಈ ಊರಲ್ಲಿ ಹುಟ್ಟಿ ಬೆಳೆದ ನಾನು ಆ ಹೊತ್ತಿನಲ್ಲಿ ಆ ದಾರಿಗೆ ಎಂದೂ ಹೋಗಿರಲಿಲ್ಲ. ನಿಧಾನವಾಗಿ ನಡೆದೆವು. ಔರೆಯಾ ಏದುಸಿರು ಬಿಟ್ಟಾಗಲೆಲ್ಲ ಕಸಿಲ್ದಾ ನಿಲ್ಲುತ್ತಿದ್ದಳು. ಮೊದಲೆಲ್ಲ ಹೀಗೆ ನಿಂತವಳೇ ಅಲ್ಲ. ದಡದ ಕಲ್ಲಿನ ಮೇಲೆ ಕೂತು ಹೂಜಿಯ ನೀರನ್ನು ಮೂವರೂ ಹಂಚಿಕೊಂಡೆವು. ಆಗ ಕಸಿಲ್ದಾ ತಾನಾಗಿಯೇ ಒಂದು ಮಾತು ಹೇಳಿದಳು. ಆಶ್ರಮದಲ್ಲಿ ಮುದುಕರಿಗೆ ಹೊತ್ತುಹೊತ್ತಿಗೆ ನೀರು ಕುಡಿಸುವುದನ್ನು, ಒಬ್ಬೊಬ್ಬರ ಕಾಲು ನೋಡಿ ನಡೆಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ; ಆಗ ನನ್ನ ಕಣ್ಣಿಗೆ ಬಿದ್ದದ್ದು ಗಡಿಯಾರ ಮಾತ್ರ, ಮನುಷ್ಯನನ್ನು ನೋಡಿ ಹೊತ್ತು ಗೊತ್ತುಮಾಡುತ್ತಿದ್ದರೆಂಬುದು ಈಗ ಹೊಳೆಯುತ್ತಿದೆ ಎಂದಳು. ಸೂರ್ಯ ಹುಟ್ಟಿ ಮರದ ತುದಿಗೆ ಬರುವಷ್ಟರಲ್ಲಿ ಮನೆ ಸೇರಿದೆವು.

ಮುಂದಿನ ವರ್ಷದಿಂದ ಪಟಾಲಮ್ಮಿಗೆ ಎರಡು ದಿನಚರಿಗಳಾದವು. ಚಳಿಗಾಲದಲ್ಲಿ ಹನ್ನೊಂದು ಗಂಟೆಯ ಬಿಸಿಲು, ತೋಪಿನ ದಾರಿ, ಬಿಸಿ ಸೂಪು. ಬೇಸಿಗೆಯಲ್ಲಿ ನಸುಕಿನ ನದಿಯ ದಡ. ಕಸರತ್ತು ಫ್ವೆನ್ಸಾಂತಾಳ ಮನೆಯ ಹಜಾರದಲ್ಲಿ, ತಂಪು ನೆಲದ ಮೇಲೆ, ಕುರ್ಚಿಯಲ್ಲಿ ಕೂತೇ. ಮೇ ತಿಂಗಳ ಸುಣ್ಣದ ಕೆಲಸ ಮುಗಿದೊಡನೆ ಕಸಿಲ್ದಾ ಮನೆಮನೆಗೂ ಹೋಗಿ, ಮಾತ್ರೆ ನುಂಗುವವರನ್ನೆಲ್ಲ ಎಬ್ಬಿಸಿ ಡಾಕ್ಟರಮ್ಮನ ಬಳಿಗೆ ಕಳುಹಿಸುತ್ತಿದ್ದಳು. ಆಮೇಲೆ ತನ್ನ ಮಂಚವನ್ನು ನನ್ನ ಮೇಲಿನ ಮನೆಯಿಂದ ಅತ್ತಿಗೆಯ ಒಳಕೋಣೆಗೆ ಸಾಗಿಸುವಳು. ಕೆಫೆಯ ಗಂಡಸರು ಮಂಚದ ಒಂದೊಂದು ಕಾಲು ಹಿಡಿದು ಬೀದಿ ದಾಟಿಸುತ್ತಿದ್ದರು. ಆಗ ಅವರ ಮಾತು ಕೇಳಬೇಕು. ಅಕ್ಟೋಬರಿನಲ್ಲಿ ಮಂಚ ವಾಪಸು. ಫ್ವೆನ್ಸಾಂತಾ ಚರ್ಚಿನ ಮೆಟ್ಟಿಲನ್ನು ತಾನೇ ಹತ್ತಿದ ದಿನ, ಅದು ತನ್ನ ಹರಕೆಯ ಫಲ ಎಂದು ಸಾರಿದಳು. ಇರಬಹುದು ಎಂದಳು ಕಸಿಲ್ದಾ.

ಎಲ್ಲವೂ ಅವಳ ಪಾಲಿಗೆ ಸುಲಭವಾಯಿತೆಂದಲ್ಲ. ಆ ಜುಲೈ ಕಳೆದ ಮೇಲೆ ಅವಳ ಮೈ ಬಿಸಿಲನ್ನು ಮೊದಲಿನಂತೆ ತಡೆಯುತ್ತಿರಲಿಲ್ಲ. ಸ್ವಲ್ಪ ಕಾವೇರಿದರೂ ತಲೆ ತಿರುಗುತ್ತಿತ್ತು. ಕೆಲವು ದಿನ ನಡಿಗೆ ಬಿಟ್ಟು ಅಂಗಳದಲ್ಲೇ ಸುತ್ತುತ್ತಿದ್ದಳು. ಅಂಥ ದಿನ ಮುಖ ಸಪ್ಪಗಿರುತ್ತಿತ್ತು. ಬಲವಂತಕ್ಕೆ ಸೋತವಳ ಹಾಗೆ ಕಾಣುತ್ತಿದ್ದಳು. ಅದನ್ನು ಯಾರೂ ಆಡಿ ತೋರಿಸುತ್ತಿರಲಿಲ್ಲ.

ಹೋದ ಬೇಸಿಗೆ ಒಂದು ಫೋನು ಬಂತು. ಟ್ರೂಡಿ ಎಂದು, ಸ್ವಿಟ್ಜರ್ಲೆಂಡಿನ ಆ ಬಟ್ಟೆ ಒಗೆಯುವ ಮನೆಯಲ್ಲಿ ಕಸಿಲ್ದಾಳ ಜೊತೆ ದುಡಿದು ಈಗ ಒಂಟಿಯಾಗಿರುವ ಹೆಂಗಸು. ಆ ವಾರ ಅಲ್ಲಿಯೂ ಎಂದೂ ಕಾಣದ ಧಗೆಯಂತೆ. ನಾಲ್ಕನೆಯ ಮಹಡಿಯಲ್ಲಿ ಮನೆ, ದಿನವಿಡೀ ಕಿಟಕಿ ತೆರೆದಿಟ್ಟರೂ ಉಸಿರು ಕಟ್ಟುತ್ತಿದೆ ಎಂದು ಅಳುತ್ತಿದ್ದಳಂತೆ. ಕಸಿಲ್ದಾ ಅಂಗಳದಲ್ಲಿ ನಿಂತು ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳತೊಡಗಿದಳು. ಕಿಟಕಿ ಈಗಲೇ ಮುಚ್ಚು, ಹೊರಗಿನಿಂದ ಬಟ್ಟೆ ಇಳಿಬಿಡು, ಬೆಳಗಿನ ಜಾವ ಮಾತ್ರ ತೆಗೆ. ಮಾತ್ರೆಗಳ ಬಗ್ಗೆ ಡಾಕ್ಟರನ್ನು ಕೇಳು. ಕೆಳಗಿನ ಮಹಡಿಯಲ್ಲಿ ಯಾರು ಪರಿಚಯ, ಮಧ್ಯಾಹ್ನ ಅವರ ಮನೆಗೆ ಹೋಗು. ಒಂದೊಂದನ್ನೂ ನಮ್ಮ ಭಾಷೆಯಲ್ಲಿ ತಿರುಗಿ ಹೇಳುತ್ತಿದ್ದಳು, ಫ್ವೆನ್ಸಾಂತಾ ತಪ್ಪು ಹುಡುಕಲೆಂದು.

"ಕಾಲನ್ನ ಬಕೆಟ್ ನೀರಲ್ಲಿ ಇಟ್ಕೊಂಡು ಕೂತ್ಕೋ ಅನ್ನು," ಎಂದಳು ಫ್ವೆನ್ಸಾಂತಾ ಕುರ್ಚಿಯಿಂದಲೇ. "ಮತ್ತೆ ಅವ್ಳಿಗೆ ನೆರೆಹೊರೆಯವ್ರು ಯಾರೂ ಗೊತ್ತಿಲ್ವಾ?"

"ಪರಿಚಯ ಮಾಡ್ಕೊಂಡಿಲ್ವಂತೆ ಅತ್ತಿಗೆ. ಅಲ್ಲಿ ಹಂಗೆ ಬಾಗಿಲು ಬಡಿಯೋ ಅಭ್ಯಾಸ ಇಲ್ಲ."

"ಇವತ್ತೇ ಬಡೀಬೇಕು ಅನ್ನು. ಯಾಕೆ ಅಂತ ಕೇಳಿದ್ರೆ ಪೋಸೋವೆರ್ದೆಯ ಫ್ವೆನ್ಸಾಂತಾ ಹೇಳಿದ್ಲು ಅನ್ಲಿ."

ಕಸಿಲ್ದಾ ಅದನ್ನೂ ಹಾಗೆಯೇ ಹೇಳಿದಳು. ಎರಡು ದಿನ ಕಳೆದು ಟ್ರೂಡಿ ಮತ್ತೆ ಫೋನು ಮಾಡಿದಳು. ಕೆಳಗಿನ ಮಹಡಿಯಲ್ಲಿ ಪೋರ್ಚುಗೀಸ್ ಕುಟುಂಬವೊಂದಿದೆ, ಅವರ ಮನೆಯಲ್ಲಿ ಮಧ್ಯಾಹ್ನ ಕಳೆದೆ, ಅವರು ಒಂದು ಕೋಣೆಯನ್ನೇ ಕತ್ತಲು ಮಾಡಿ ಕೊಟ್ಟರು ಎಂದಳಂತೆ. ದನಿ ಗೆಲುವಾಗಿತ್ತು ಎಂದಳು ಕಸಿಲ್ದಾ. ಫೋನು ಕೆಳಗಿಟ್ಟು, ತಂಪಾಗಲೆಂದು ಅಂಗಳದ ಬಾವಿಯಲ್ಲಿ ಇಳಿಬಿಟ್ಟಿದ್ದ ಕಲ್ಲಂಗಡಿಯನ್ನು ಮೇಲಕ್ಕೆಳೆದು, ಎಲ್ಲರಿಗೂ ಒಂದೊಂದು ಹೋಳು ಕೊಯ್ದು ಕೊಟ್ಟಳು.